ಗಡಿಯ ಗಣಕಜಾಲ ಮತ್ತು ಎರಡನೆಯ ಭಾಷೆ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸಂದರ್ಭದಲ್ಲಿ ಒಂದು ವಿವೇಚನೆ

1. ಪ್ರವೇಶ

1998ರಲ್ಲಿ ಕೊಲ್ಹಾಪುರ ಜಿಲ್ಲೆಯ ವಾರಣಾ ನದಿಯ ಕಣಿವೆಯಲ್ಲಿ ‘ವಾಯರ್ಡ್ ವಿಲೇಜ್’ ಎಂಬ ಗಣಕಜಾಲ ಯೋಜನೆ ಆರಂಭವಾಯಿತು. ಅದೇ ವರ್ಷ ಪ್ರಧಾನಮಂತ್ರಿಗಳು ಮಾಹಿತಿ ತಂತ್ರಜ್ಞಾನಕ್ಕಾಗಿ ನೇಮಿಸಿದ್ದ ರಾಷ್ಟ್ರೀಯ ಕಾರ್ಯಪಡೆಯ ಚಿಂತನೆಯಿಂದ ಹುಟ್ಟಿದ ಈ ಯೋಜನೆಯ ವೆಚ್ಚದಲ್ಲಿ ಕೇಂದ್ರ ಸರ್ಕಾರ ಶೇ. 50, ಮಹಾರಾಷ್ಟ್ರ ಸರ್ಕಾರ ಶೇ. 40, ವಾರಣಾನಗರದ ಸಹಕಾರಿ ಸಂಸ್ಥೆಗಳು ಶೇ. 10ರಷ್ಟನ್ನು ಹೊತ್ತವು. ಕೊಲ್ಹಾಪುರ ಮತ್ತು ಸಾಂಗಲಿ ಜಿಲ್ಲೆಗಳ 70 ಹಳ್ಳಿಗಳನ್ನು ಜಾಲದೊಳಗೆ ತರುವುದು ಅದರ ಗುರಿಯಾಗಿತ್ತು. ಭಾರತದ ಗ್ರಾಮೀಣ ಸಮುದಾಯಗಳಿಗಾಗಿ ರೂಪುಗೊಂಡ ಮೊದಲ ಗಣಕಜಾಲಗಳ ಸಾಲಿನಲ್ಲಿ ಅದಕ್ಕೆ ಖಚಿತವಾದ ಸ್ಥಾನವಿದೆ. ಅದರ ಭಾಷೆ ಮರಾಠಿ.

ವಾರಣಾ ಕಣಿವೆ ಮರಾಠಿ ಮಾತನಾಡುವ ಪ್ರದೇಶವಾದ್ದರಿಂದ ಆ ಆಯ್ಕೆ ಅಲ್ಲಿ ಸಹಜವಾಗಿತ್ತು. ಆದರೆ ಅದೇ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ, ಶಿರೋಳ, ಕಾಗಲ, ಗಡಹಿಂಗ್ಲಜ ತಾಲೂಕುಗಳ ಗಡಿಹಳ್ಳಿಗಳಲ್ಲಿ, ಕನ್ನಡ ಮನೆಮಾತು. ಮುಂದಿನ ವರ್ಷಗಳಲ್ಲಿ ಸೇವಾಕೇಂದ್ರಗಳೂ ಸರ್ಕಾರಿ ಜಾಲತಾಣಗಳೂ ಇಡೀ ಜಿಲ್ಲೆಗೆ ಹಬ್ಬಿದಾಗ ವಾರಣೆಯಲ್ಲಿ ಸಹಜವಾಗಿದ್ದ ಏಕಭಾಷೆ ಜಿಲ್ಲೆಯ ಉಳಿದೆಡೆಯೂ ಸಹಜವೆಂಬಂತೆ ಮುಂದುವರಿಯಿತು. ಹೀಗೇಕಾಯಿತು ಎಂಬ ಪ್ರಶ್ನೆಗೆ ‘ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ’ ಎಂಬುದು ರೂಢಿಯ ಉತ್ತರ. ತಂತ್ರಜ್ಞಾನದ ಚರಿತ್ರೆ ಈ ಉತ್ತರವನ್ನು ಸಮರ್ಥಿಸುವುದಿಲ್ಲ. ಯಂತ್ರ ಬಹುಭಾಷಿಕವಾಗಿತ್ತು; ಭಾಷಿಕರನ್ನು ಎಣಿಸುವ ಕ್ರಮ, ಹೆಸರನ್ನು ದಾಖಲಿಸುವ ಕ್ರಮ ಇವೆರಡು ಹಳೆಯವಾಗಿಯೇ ಉಳಿದವು. ಪ್ರಸ್ತುತ ಲೇಖನ ಈ ಎರಡು ಕ್ರಮಗಳನ್ನು ಪರಿಶೀಲಿಸಿ, ಗಡಿಪ್ರದೇಶದ ಸಮುದಾಯಜಾಲವೊಂದಕ್ಕೆ ದ್ವಿಭಾಷಾ ನೀತಿ ಎಲ್ಲಿಂದ ಆರಂಭವಾಗಬೇಕೆಂಬುದನ್ನು ವಿವೇಚಿಸುತ್ತದೆ.

2. ಮೂರು ಊರುಗಳ ದ್ವಿಭಾಷಿಕತೆ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳು ಒಂದೇ ಜಿಲ್ಲೆಯ ಊರುಗಳಾದರೂ ಕನ್ನಡದೊಡನೆ ಅವುಗಳ ಸಂಬಂಧ ಒಂದೇ ಬಗೆಯದಲ್ಲ.

ಕೊಲ್ಹಾಪುರದಲ್ಲಿ ಕನ್ನಡ ಮುಖ್ಯವಾಗಿ ವಿದ್ವತ್ತಿನ ಮತ್ತು ಶಾಸನಗಳ ಭಾಷೆ. ಶಿಲಾಹಾರರ ಕಾಲದ ಹಲವು ಶಾಸನಗಳು ಕನ್ನಡದಲ್ಲಿವೆ. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳ ಜೊತೆಯಲ್ಲೇ ಯಾದವ ಸಿಂಹಣನ ಕಾಲದ ಸಂಸ್ಕೃತ ಶಾಸನ ದೇವನಾಗರಿಯಲ್ಲಿದೆ. ಒಂದೇ ಆವರಣ ಎರಡು ಲಿಪಿಗಳಿಗೆ ಎಡೆಕೊಟ್ಟಿದೆ. ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ಮುನ್ನ ಇಲ್ಲಿನ ವಿದ್ವತ್ ಲೋಕಕ್ಕೆ ಕನ್ನಡ ಪರಭಾಷೆಯಾಗಿರಲಿಲ್ಲ ಎಂಬುದಕ್ಕೆ ಈ ಸಂಪುಟವೇ ಸಾಕ್ಷಿ.

ಇಚಲಕರಂಜಿಯಲ್ಲಿ ಕನ್ನಡ ದುಡಿಮೆಯ ಭಾಷೆಗಳಲ್ಲೊಂದು. ಘೋರ್ಪಡೆ ಜಹಗೀರಿನ ಆಶ್ರಯದಲ್ಲಿ 1904ರಲ್ಲಿ ಇಲ್ಲಿಗೆ ಮೊದಲ ವಿದ್ಯುತ್ ಮಗ್ಗ ಬಂದಿತು. ಆ ಬಳಿಕ ನೇಕಾರಿಕೆಯ ಸಮುದಾಯಗಳು ಮರಾಠಿ, ಕನ್ನಡ, ತೆಲುಗು ಪ್ರದೇಶಗಳಿಂದ ಬಂದು ನೆಲೆಸಿದವು. ಮರಾಠಿಯ ‘ಮಾಗ’ ಕನ್ನಡದ ‘ಮಗ್ಗ’, ಮರಾಠಿಯ ‘ಕಾಂಡಿ’ ಕನ್ನಡದ ‘ಕಂಡಿಕೆ’. ‘ಲಾಳಿ’ಗೆ ಮಾತ್ರ ‘ಧೋಟಾ’ ಎಂಬ ಬೇರೆ ಮಾತು. ನೂಲು ಹಾಕುವವನಿಗೂ ಲೆಕ್ಕ ಬರೆಯುವವನಿಗೂ ಭಾಷೆ ಬೇರೆಯಿದ್ದರೂ ಕೆಲಸ ನಿಲ್ಲದಂತೆ ಈ ಪದಗಳು ನೋಡಿಕೊಂಡವು. 2022ರಲ್ಲಿ ಮಹಾನಗರಪಾಲಿಕೆಯಾದ ಈ ನಗರದಲ್ಲಿ ಕನ್ನಡ ಯಾವುದೇ ಒಂದು ವಾರ್ಡಿನ ಭಾಷೆಯಲ್ಲ. ಅದು ಮಗ್ಗದ ಮನೆಗಳಲ್ಲಿ, ಪೇಟೆಯಲ್ಲಿ, ಕುಟುಂಬಗಳಲ್ಲಿ ಹರಡಿಕೊಂಡಿದೆ.

ಗಡಹಿಂಗ್ಲಜದಲ್ಲಿ ಕನ್ನಡ ನೆಲದ ಭಾಷೆ. ಹಿರಣ್ಯಕೇಶಿ ನದಿಯ ದಂಡೆಯ ಈ ತಾಲೂಕು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿಗೆ ಹೊಂದಿಕೊಂಡಿದೆ. ಪೇಟೆಯಲ್ಲಿ ಮಾರಾಟವಾಗುವ ಮೆಣಸಿನಕಾಯಿಗೆ ಗಡಿಯಾಚೆಯ ಸಂಕೇಶ್ವರದ ಹೆಸರಿದೆ. ಬೀಗತನ, ಜಾತ್ರೆ, ಸಂತೆ, ಆಸ್ಪತ್ರೆಗಳಿಗಾಗಿ ಜನ ಎರಡೂ ಕಡೆ ಓಡಾಡುತ್ತಾರೆ. ಕೆಲವು ಕುಟುಂಬಗಳಿಗೆ ಎರಡೂ ಕಡೆ ಹೊಲವಿದೆ. ಇಲ್ಲಿ ಕನ್ನಡದ ಪ್ರಶ್ನೆ ಎದುರಾಗುವುದು ಹೊಲದ ಉತಾರದಲ್ಲಿ, ಶಾಲೆಯ ದಾಖಲೆಯಲ್ಲಿ, ವಾರಸಾ ಹಕ್ಕಿನಲ್ಲಿ.

ವಿದ್ವತ್ತಿಗೆ ಲಿಪಿ ಬೇಕು, ದುಡಿಮೆಗೆ ಮಾತು ಬೇಕು, ನೆಲಕ್ಕೆ ದಾಖಲೆ ಬೇಕು. ಈ ಮೂರು ಅಗತ್ಯಗಳನ್ನು ಒಂದೇ ‘ಭಾಷೆಯ ಆಯ್ಕೆ’ಯ ಗುಂಡಿಯಿಂದ ಪೂರೈಸಲಾಗದು.

3. ವಾರಣೆಯ ಮಾದರಿ

ತಾತ್ಯಾಸಾಹೇಬ ಕೋರೆಯವರು 1950ರ ದಶಕದಲ್ಲಿ ಕಟ್ಟಿದ ಸಕ್ಕರೆ ಕಾರ್ಖಾನೆಯ ಸುತ್ತ ಡೇರಿ, ಬ್ಯಾಂಕು, ಶಿಕ್ಷಣಸಂಸ್ಥೆಗಳು ಬೆಳೆದು ವಾರಣಾನಗರ ರೂಪುಗೊಂಡಿತು. ಜಾಲ ಬಂದಾಗ ಅದು ಈ ಸಹಕಾರಿ ವ್ಯವಸ್ಥೆಯ ಮೇಲೆಯೇ ನಿಂತಿತು. ಹಳ್ಳಿಯ ಕೇಂದ್ರದಲ್ಲಿ ರೈತ ತನ್ನ ಕಬ್ಬಿನ ನೋಂದಣಿ, ಕಟಾವಿನ ಸರದಿ, ತೂಕ, ಬಿಲ್ಲಿನ ಮೊತ್ತ ಇವನ್ನು ತಿಳಿಯಬಹುದಾಗಿತ್ತು. ಕೃಷಿ ಸಲಹೆ, ಶಿಕ್ಷಣ, ಸರ್ಕಾರಿ ದಾಖಲೆಗಳೂ ಯೋಜನೆಯ ಕನಸಿನಲ್ಲಿದ್ದವು. ಆದರೆ ದಿನನಿತ್ಯದ ಬಳಕೆ ಬಹುಪಾಲು ಕಬ್ಬಿನ ಲೆಕ್ಕದಲ್ಲಿಯೇ ನಿಂತಿತು. 2006–07ರ ಸುಮಾರಿಗೆ ಮೈಕ್ರೋಸಾಫ್ಟ್ ಸಂಶೋಧನಾ ಸಂಸ್ಥೆಯ ಬೆಂಗಳೂರು ತಂಡವು 7 ಹಳ್ಳಿಗಳಲ್ಲಿ ಗಣಕಗಳ ಬದಲು ಮೊಬೈಲಿನ ಕಿರುಸಂದೇಶಗಳ ಮೂಲಕ ಇದೇ ಸೇವೆಯನ್ನು ನೀಡುವ ಪ್ರಯೋಗ ನಡೆಸಿತು. ರೈತನಿಗೆ ಬೇಕಾಗಿದ್ದ ಬಹುತೇಕ ಮಾಹಿತಿ ಒಂದು ಕಿರುಸಂದೇಶದಲ್ಲಿ ಹಿಡಿಸುವಷ್ಟೇ ಇತ್ತು ಎಂಬುದನ್ನು ಆ ಪ್ರಯೋಗ ತೋರಿಸಿತು.

ಭಾಷಾನೀತಿಯ ದೃಷ್ಟಿಯಿಂದ ಈ ಅನುಭವಕ್ಕೆ ವಿಶೇಷ ಮಹತ್ವವಿದೆ. ಸಮುದಾಯಜಾಲದ ಜೀವಾಳ ತೆರೆಯ ಮೇಲಿನ ಪಟ್ಟಿಗಳಲ್ಲಿ ಇರಲಿಲ್ಲ; ರೈತನ ಹೆಸರು, ಹೊಲದ ಗುರುತು, ತೂಕ, ಮೊತ್ತ ಎಂಬ ನಾಲ್ಕು ಕಲಮುಗಳಲ್ಲಿತ್ತು. ಇವುಗಳಲ್ಲಿ ಅಂಕಿಗಳಿಗೆ ಭಾಷೆಯ ತೊಡಕು ಕಡಿಮೆ, ಹೆಸರುಗಳಿಗೆ ಹೆಚ್ಚು. ದ್ವಿಭಾಷಾ ನೀತಿಯ ಚರ್ಚೆಗಳು ಪಟ್ಟಿಗಳ ಅನುವಾದದಿಂದ ಆರಂಭವಾಗಿ ಅಲ್ಲಿಗೇ ಮುಗಿಯುವುದರಿಂದ, ಹೆಸರಿನ ಕಲಮು ಏಕಭಾಷಿಕವಾಗಿಯೇ ಉಳಿಯುತ್ತದೆ.

4. ಯಂತ್ರ ತಿಳಿದಿದ್ದ ಕನ್ನಡ

ವಾರಣೆಯ ಯೋಜನೆಗೆ ಹತ್ತು ವರ್ಷ ಮೊದಲೇ, 1988ರಲ್ಲಿ, ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪನೆಯಾಗಿತ್ತು. ಕಾನ್ಪುರದ ಐಐಟಿಯಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನ ಅಲ್ಲಿ ಬೆಳೆಯಿತು. ಅದರ ತಳಹದಿಯಾದ ಇಸ್ಕಿ ಸಂಕೇತವನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂಬ ಮಾನಕವಾಗಿ ಅಂಗೀಕರಿಸಿತು. ಇಸ್ಕಿಯ ಮೂಲತತ್ತ್ವ ಸರಳವಾದದ್ದು: ಬ್ರಾಹ್ಮೀಮೂಲದ ಲಿಪಿಗಳಲ್ಲಿ ಒಂದೇ ಅಕ್ಷರಕ್ಕೆ ಒಂದೇ ಸಂಕೇತ. ಕನ್ನಡದ ‘ಕ’ಕ್ಕೂ ದೇವನಾಗರಿಯ ‘ಕ’ಕ್ಕೂ ಒಂದೇ ಸಂಖ್ಯೆ, ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಪ್ರತ್ಯೇಕ ಸೂಚನೆ ನಿರ್ಧರಿಸುತ್ತದೆ. 1986ರಲ್ಲಿ ಮಾನಕವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಇದೇ ತತ್ತ್ವವನ್ನು ಅನುಸರಿಸಿತು. ಆ ವಿನ್ಯಾಸದಲ್ಲಿ ಮರಾಠಿ ಬೆರಳಚ್ಚು ಕಲಿತವನಿಗೆ ಕನ್ನಡದ ಕೀಲಿಗಳು ಅದೇ ಜಾಗದಲ್ಲಿ ಸಿಗುತ್ತವೆ.

ಕನ್ನಡದಲ್ಲಿ ‘ಎ’ ಮತ್ತು ‘ಏ’, ‘ಒ’ ಮತ್ತು ‘ಓ’ ಬೇರೆ ಬೇರೆ. ಮರಾಠಿ ಬರವಣಿಗೆಯಲ್ಲಿ ಈ ಭೇದವಿಲ್ಲ. ಇಸ್ಕಿ ದೇವನಾಗರಿಗೂ ಹ್ರಸ್ವ ಎಕಾರ, ಹ್ರಸ್ವ ಒಕಾರಗಳ ಸ್ಥಾನಗಳನ್ನು ಕೊಟ್ಟಿತ್ತು. 1991ರ ಯೂನಿಕೋಡ್ ಇಸ್ಕಿಯ 1988ರ ರೂಪವನ್ನು ಆಧರಿಸಿದ್ದರಿಂದ ಈ ಚಿಹ್ನೆಗಳು ಅದರ ದೇವನಾಗರಿ ವಿಭಾಗದಲ್ಲಿಯೂ ಉಳಿದವು. ದ್ರಾವಿಡ ಭಾಷೆಗಳ ಹ್ರಸ್ವ ಸ್ವರಗಳನ್ನು ಬರೆಯಲೆಂದೇ ಅವು ಅಲ್ಲಿವೆ. ಗಡಹಿಂಗ್ಲಜದ ‘ಹೊಸಮನಿ’ ಎಂಬ ಅಡ್ಡಹೆಸರು ಮರಾಠಿ ದಾಖಲೆಯಲ್ಲಿ ‘ಹೋಸಮನೀ’ ಆಗಬೇಕೆಂದು ಯಂತ್ರ ಎಂದೂ ಒತ್ತಾಯಿಸಲಿಲ್ಲ. ಹ್ರಸ್ವದ ಕೀಲಿ ಮಣೆಯ ಮೇಲೆ ಇತ್ತು. ಅದನ್ನು ಒತ್ತಬೇಕೆಂಬ ನಿಯಮ ಇರಲಿಲ್ಲ.

ಇಸ್ಕಿಯ ಈ ಸಾಧ್ಯತೆ ಕಚೇರಿಗಳಲ್ಲಿ ಫಲಿಸಲಿಲ್ಲ. 1990ರ ದಶಕದ ಮುದ್ರಣ ಮತ್ತು ಕಚೇರಿ ಕೆಲಸ ಖಾಸಗಿ ಅಕ್ಷರಶೈಲಿಗಳ ಮೇಲೆ ನಡೆಯಿತು. ಪುಣೆಯ ಶ್ರೀಲಿಪಿಗೆ ಒಂದು ಸಂಕೇತ, ಇತರ ತಂತ್ರಾಂಶಗಳಿಗೆ ಬೇರೆ ಸಂಕೇತ. ಕರ್ನಾಟಕದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ. ಒಂದು ಶೈಲಿಯಲ್ಲಿ ಬರೆದ ಕಡತ ಮತ್ತೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಒಂದೇ ಭಾಷೆಯೊಳಗೆ ಈ ಸ್ಥಿತಿಯಿದ್ದಾಗ ಎರಡು ಭಾಷೆಗಳ ದಾಖಲೆಯ ಮಾತೇ ಏಳಲಿಲ್ಲ. ಯೂನಿಕೋಡ್ ಬಳಕೆಗೆ ಬಂದ ಮೇಲೆ ಈ ತೊಡಕು ನೀಗಿದೆ. ಆ ಹೊತ್ತಿಗೆ ದಾಖಲೆಗಳ ಏಕಭಾಷಿಕ ರೂಢಿ ಗಟ್ಟಿಯಾಗಿತ್ತು.

ಗಡಿಯಾಚೆಗೂ ಇದೇ ಕತೆ. ಕರ್ನಾಟಕದ ‘ಭೂಮಿ’ ಯೋಜನೆ 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು, ಕನ್ನಡದಲ್ಲಿ. ಖಾನಾಪುರದ ಮರಾಠಿ ರೈತನಿಗೆ ದೊರೆಯುವ ಪಹಣಿ ಕನ್ನಡದ್ದು. ಗಡಹಿಂಗ್ಲಜದ ಕನ್ನಡ ರೈತನಿಗೆ ದೊರೆಯುವ ಸಾತಬಾರಾ ಮರಾಠಿಯದು. ಎರಡು ಏಕಭಾಷಿಕ ಜಾಲಗಳು ಗಡಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ.

5. ಎಣಿಕೆಯ ಘಟಕ

ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಕಾನೂನು ಚೌಕಟ್ಟು 1956ರದು. ಸಂವಿಧಾನದ 350ಎ, 350ಬಿ ವಿಧಿಗಳು ಆ ವರ್ಷದ ಏಳನೆಯ ತಿದ್ದುಪಡಿಯಿಂದ ಬಂದವು. ಕೇಂದ್ರದ ಅದೇ ವರ್ಷದ ಜ್ಞಾಪನಪತ್ರವು ಆಡಳಿತಕ್ಕೆ ಪ್ರಮಾಣಗಳನ್ನು ಹಾಕಿಕೊಟ್ಟಿತು: ಜನಸಂಖ್ಯೆಯ ಶೇ. 30ರಷ್ಟು ಅಥವಾ ಹೆಚ್ಚು ಅಲ್ಪಸಂಖ್ಯಾತರಿದ್ದರೆ ದ್ವಿಭಾಷಾ ಆಡಳಿತ. ಜಿಲ್ಲೆ, ಪುರಸಭೆ, ತಾಲೂಕುಗಳಲ್ಲಿ ಶೇ. 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ. 1957ರಿಂದ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಇದರ ಪಾಲನೆಯನ್ನು ಗಮನಿಸುತ್ತ ಬಂದಿದ್ದಾರೆ; ಅವರ ಪ್ರಾದೇಶಿಕ ಕಚೇರಿಗಳಲ್ಲೊಂದು ಬೆಳಗಾವಿಯಲ್ಲಿತ್ತು.

ಈ ಪ್ರಮಾಣಗಳ ಹಿಂದೆ ವೆಚ್ಚದ ತರ್ಕವಿತ್ತು. ಪ್ರತಿ ಕಚೇರಿಗೂ ಭಾಷಾಂತರಕಾರ, ಬೆರಳಚ್ಚುಗಾರ, ಪ್ರತ್ಯೇಕ ಮುದ್ರಣ ಬೇಕಾಗಿದ್ದ ಕಾಲದಲ್ಲಿ ‘ಎಷ್ಟು ಜನರಿದ್ದರೆ’ ಎಂಬ ಪ್ರಶ್ನೆ ಅನಿವಾರ್ಯವಾಗಿತ್ತು. ಆದರೆ ಎಣಿಕೆಯ ಘಟಕ ತಾಲೂಕಾದಾಗ ಏನಾಗುತ್ತದೆ? ಕನ್ನಡಿಗರು ಗಡಿಗೆ ಹತ್ತಿದ ಹಳ್ಳಿಗಳಲ್ಲಿ ದಟ್ಟವಾಗಿದ್ದು ಉಳಿದ ಕಡೆ ವಿರಳವಾಗಿದ್ದರೆ ತಾಲೂಕಿನ ಸರಾಸರಿಯಲ್ಲಿ ಅವರ ಸಂಖ್ಯೆ ಕರಗುತ್ತದೆ. ಇಚಲಕರಂಜಿಯಂತಹ ನಗರದಲ್ಲಿ ಅವರು ಎಲ್ಲೆಡೆ ಹರಡಿರುವುದರಿಂದ ಯಾವ ವಾರ್ಡಿನಲ್ಲಿಯೂ ಲೆಕ್ಕಕ್ಕೆ ಸಿಗುವುದು ಕಷ್ಟ.

ಇದಕ್ಕಿಂತ ಹಳೆಯದಾದ ಮತ್ತೊಂದು ನಿಯಮವಿದೆ. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಲ್ಲಿ ಒಪ್ಪಿದ ಸೂತ್ರದಂತೆ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಬೋಧನೆಯ ವ್ಯವಸ್ಥೆಯಾಗಬೇಕು. ಇಲ್ಲಿ ಎಣಿಕೆಯಾಗುವವರು ಜನಗಣತಿಯ ಭಾಷಿಕರಲ್ಲ, ಬಾಗಿಲಿಗೆ ಬಂದ ಮಕ್ಕಳು. ಈ ಸೂತ್ರದ ಫಲ ಮಹಾರಾಷ್ಟ್ರದಲ್ಲಿ ಇಂದಿಗೂ ಕಾಣುತ್ತದೆ: 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಗಣಿತ, ವಿಜ್ಞಾನ, ಭೂಗೋಳಗಳ ಕನ್ನಡ ಪರಿಭಾಷೆ ಮಹಾರಾಷ್ಟ್ರದ ನೆಲದಲ್ಲಿಯೇ ಸಿದ್ಧವಾಗಿದೆ. ಎಲ್ಲ ಲಿಪಿಗಳಿಗೂ ಸಲ್ಲುವ ಸಂಕೇತ ರೂಪಿಸಿದ ಸಂಸ್ಥೆ ಮತ್ತು ಕನ್ನಡ ಪಠ್ಯ ರೂಪಿಸುವ ಸಂಸ್ಥೆ ಒಂದೇ ನಗರದಲ್ಲಿದ್ದೂ ಜಾಲದ ಭಾಷೆ ನಿರ್ಧಾರವಾಗುವಾಗ ಎರಡೂ ಒಂದೆಡೆ ಸೇರಲಿಲ್ಲ.

ಸಮುದಾಯಜಾಲಕ್ಕೆ ಹೊಂದುವುದು ಶಾಲೆಯ ಸೂತ್ರ. ಜಾಲಕ್ಕೆ ತಾಲೂಕಿನ ಎಲ್ಲೆಯಿಲ್ಲ. ಅದರ ಘಟಕ ಬಳಕೆದಾರ. ಕನ್ನಡದ ಪುಟವೊಂದು ಒಮ್ಮೆ ಸಿದ್ಧವಾದರೆ ಹತ್ತು ಜನರಿಗೂ ಹತ್ತು ಸಾವಿರ ಜನರಿಗೂ ಅದರ ವೆಚ್ಚ ಹೆಚ್ಚುಕಡಿಮೆ ಒಂದೇ. ಪ್ರಮಾಣಕ್ಕೆ ಆಧಾರವಾಗಿದ್ದ ವೆಚ್ಚದ ತರ್ಕ ಕುಸಿದ ಮೇಲೂ ಪ್ರಮಾಣ ಮಾತ್ರ ಉಳಿದುಕೊಂಡಿದೆ.

ಇಲ್ಲಿ ಇನ್ನೊಂದು ವಿಪರ್ಯಾಸವನ್ನು ಗಮನಿಸಬೇಕು. ಮಹಾರಾಷ್ಟ್ರದ ‘ಆಪಲೇ ಸರಕಾರ’ ಜಾಲತಾಣ ಮರಾಠಿ ಮತ್ತು ಇಂಗ್ಲಿಷಿನಲ್ಲಿದೆ. ಕರ್ನಾಟಕದ ‘ಸೇವಾಸಿಂಧು’ ಕನ್ನಡ ಮತ್ತು ಇಂಗ್ಲಿಷಿನಲ್ಲಿದೆ. ಎರಡೂ ದ್ವಿಭಾಷಿಕವೆಂದೇ ಪರಿಗಣಿತವಾಗಿವೆ. ಎರಡನೆಯ ಭಾಷೆಯ ಸ್ಥಾನ ಈಗಾಗಲೇ ತುಂಬಿರುವುದರಿಂದ ನೆರೆಭಾಷೆ ಕೇಳುವವರು ಮೂರನೆಯದನ್ನು ಕೇಳುವ ಅತಿಯಾಸೆಯವರಂತೆ ಕಾಣುತ್ತಾರೆ.

6. ಹೆಸರು ದಾಟುವ ಹೊಳೆ

ಏಕಭಾಷಿಕ ದಾಖಲೆಗಳು ಪರಸ್ಪರ ಸಂಧಿಸಬೇಕಾದಾಗ ನಡುವೆ ಬರುವುದು ರೋಮನ್ ಲಿಪಿ. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಮತ್ತು ಒಂದು ಭಾರತೀಯ ಭಾಷೆ, ಬ್ಯಾಂಕಿನಲ್ಲಿ ಇಂಗ್ಲಿಷ್. ಗಡಿಯ ಎರಡೂ ಕಡೆ ಹೊಲವಿರುವ ಕುಟುಂಬದ ಹೆಸರು ಒಂದೆಡೆ ಕನ್ನಡದಲ್ಲಿ, ಮತ್ತೊಂದೆಡೆ ಮರಾಠಿಯಲ್ಲಿ, ನಡುವೆ ಇಂಗ್ಲಿಷಿನಲ್ಲಿ ದಾಖಲಾಗುತ್ತದೆ. ಕನ್ನಡ ಮತ್ತು ಮರಾಠಿ ಎರಡರಲ್ಲೂ ‘ಳ’ ಇದೆ, ‘ಣ’ ಇದೆ; ದೀರ್ಘ ಮತ್ತು ಹ್ರಸ್ವ ಆಕಾರಗಳ ಭೇದವಿದೆ. ರೂಢಿಯ ಇಂಗ್ಲಿಷ್ ಬರವಣಿಗೆಯಲ್ಲಿ ಇವೆಲ್ಲ ಅಳಿಸಿಹೋಗುತ್ತವೆ. ಎರಡು ಭಾಷೆಗಳೂ ಸಮಾನವಾಗಿ ಉಳಿಸಿಕೊಂಡಿರುವುದನ್ನೇ ಮಧ್ಯಸ್ಥ ಲಿಪಿ ಕಳೆಯುತ್ತದೆ. ಮರಾಠಿಯ ‘ಚವ್ಹಾಣ’ ಕನ್ನಡ ದಾಖಲೆಗೆ ಬರುವಾಗ ಚವಾಣ, ಚವ್ಹಾಣ, ಚೌಹಾಣ ಎಂದಾಗಬಹುದು. ಕನ್ನಡದ ‘ಕೆರೂರ’ ಮರಾಠಿಗೆ ‘ಕೇರೂರ’ ಆಗುತ್ತದೆ. ಕಾಗದದ ಕಾಲದಲ್ಲಿ ತಲಾಠಿಗೆ ಮನುಷ್ಯರ ಗುರುತಿತ್ತು. ಅಕ್ಷರ ತಪ್ಪಿದರೂ ಆಳು ತಪ್ಪುತ್ತಿರಲಿಲ್ಲ. ಗಣಕ ಅಕ್ಷರವನ್ನಷ್ಟೇ ಹೋಲಿಸುತ್ತದೆ. ವಾರಸಾ, ಸಾಲ, ಪರಿಹಾರಗಳ ಅರ್ಜಿಯಲ್ಲಿ ಒಂದು ಒತ್ತು ಬೇರೆಯಾದರೆ ಅವನೇ ಇವನೆಂದು ಸಿದ್ಧಪಡಿಸುವ ಹೊರೆ ಅರ್ಜಿದಾರನ ಮೇಲೆ ಬೀಳುತ್ತದೆ, ಅದಕ್ಕೆ ಪ್ರಮಾಣಪತ್ರ, ಓಡಾಟ, ಖರ್ಚು. ದ್ವಿಭಾಷಾ ನೀತಿಯ ಅಭಾವಕ್ಕೆ ಗಡಿಯ ಜನ ತೆರುವ ಬೆಲೆ ಇದು.

ಪದಗಳ ವಿಷಯದಲ್ಲಿ ಸ್ಥಿತಿ ಇದಕ್ಕೆ ವಿರುದ್ಧ. ಮುಂಬಯಿ ಪ್ರಾಂತದ ಕಂದಾಯ ಆಡಳಿತ ಬಿಟ್ಟುಹೋದ ಸಮಾನ ಪದಕೋಶ ಎರಡೂ ಕಡೆ ಜೀವಂತವಾಗಿದೆ: ಉತಾರ, ತಲಾಠಿ, ಚಾವಡಿ, ಖಾತೆ, ಗುಂಟೆ. ಬೆಂಗಳೂರಿನ ಆಡಳಿತ ಕನ್ನಡದಲ್ಲಿ ತಲಾಠಿ ‘ಗ್ರಾಮ ಆಡಳಿತಾಧಿಕಾರಿ’ಯಾದರೂ ಗಡಿನಾಡಿನಲ್ಲಿ ಹಳೆಯ ಮಾತೇ ಚಾಲ್ತಿಯಲ್ಲಿದೆ. ಗಡಹಿಂಗ್ಲಜದ ಕನ್ನಡ ಪುಟಕ್ಕೆ ಬೆಂಗಳೂರಿನ ಪರಿಭಾಷೆಯನ್ನು ತಂದು ಹಚ್ಚಿದರೆ ಅದು ಅಲ್ಲಿನ ಕನ್ನಡಿಗನಿಗೆ ಮರಾಠಿಗಿಂತ ಅಪರಿಚಿತವಾಗಬಹುದು. ಅನುವಾದಯಂತ್ರಗಳ ಈ ಕಾಲದಲ್ಲಿ, 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ಯನ್ನು ಆರಂಭಿಸಿದ ಮೇಲೆ, ಈ ಎಚ್ಚರ ಇನ್ನಷ್ಟು ಅಗತ್ಯ. ಯಂತ್ರ ವಾಕ್ಯವನ್ನು ಅನುವಾದಿಸಬಲ್ಲುದು. ಯಾವ ಊರಿನ ಕನ್ನಡ ಬೇಕೆಂಬುದನ್ನು ಊರಿನವರೇ ಹೇಳಬೇಕು.

7. ನೀತಿಯ ರೂಪರೇಖೆ

ಸಮುದಾಯಜಾಲವೊಂದು ಕಾನೂನಿನ ಒತ್ತಾಯವಿಲ್ಲದೆ ಎರಡು ಭಾಷೆಗಳನ್ನು ಒಪ್ಪಿಕೊಂಡ ಉದಾಹರಣೆ ಹೊರದೇಶದಲ್ಲಿದೆ. ಕೆನಡಾದ ಒಟ್ಟಾವಾದಲ್ಲಿ ಕಾರ್ಲ್ಟನ್ ವಿಶ್ವವಿದ್ಯಾಲಯದ ನೆರವಿನಿಂದ 1993ರ ಫೆಬ್ರವರಿಯಲ್ಲಿ ತೆರೆದ ‘ನ್ಯಾಷನಲ್ ಕ್ಯಾಪಿಟಲ್ ಫ್ರೀನೆಟ್’ ಫ್ರೆಂಚಿನಲ್ಲಿ ‘ಲಿಬೆರ್ಟೆಲ್’ ಎಂಬ ಹೆಸರನ್ನೂ ಧರಿಸಿತು. 1969ರ ಕೆನಡಾದ ಅಧಿಕೃತ ಭಾಷೆಗಳ ಕಾಯ್ದೆ ಒಕ್ಕೂಟ ಸರ್ಕಾರದ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಸದಸ್ಯರೇ ನಡೆಸುವ ಈ ಜಾಲ ಅಂತಹ ಸಂಸ್ಥೆಯಲ್ಲ. ಏಳು ಬಿಟ್ಟಿನ ಆಸ್ಕಿ ಸಂಕೇತದಲ್ಲಿ ಫ್ರೆಂಚಿನ ಸ್ವರಚಿಹ್ನೆಗಳಿಗೆ ಸ್ಥಾನವಿಲ್ಲದ ಕಾಲ ಅದು. ಯಂತ್ರ ಅನುಕೂಲವಾಗಿಲ್ಲದಾಗ ಸಮುದಾಯ ಮುಂದಾದ ಉದಾಹರಣೆ ಅದಾದರೆ, ಯಂತ್ರ ಅನುಕೂಲವಾಗಿದ್ದೂ ನೀತಿ ಹಿಂದುಳಿದ ಉದಾಹರಣೆ ಕೊಲ್ಹಾಪುರದ್ದು. ಸಹಕಾರಿ ಸಂಘಗಳ ಗಟ್ಟಿ ಪರಂಪರೆಯಿರುವ ಈ ಜಿಲ್ಲೆಯಲ್ಲಿಯೂ ಇಂತಹ ನಿರ್ಧಾರ ಸದಸ್ಯರ ಸಭೆಯಲ್ಲಿ ಆಗಬಲ್ಲುದು. 1964ರ ಮಹಾರಾಷ್ಟ್ರ ರಾಜಭಾಷಾ ಕಾಯ್ದೆ ಸರ್ಕಾರಿ ವ್ಯವಹಾರವನ್ನು ಕುರಿತದ್ದು; ಸಂಘವೊಂದು ತನ್ನ ಸದಸ್ಯರಿಗೆ ಕನ್ನಡದಲ್ಲಿ ಸಂದೇಶ ಕಳಿಸುವುದಕ್ಕೆ ಅದು ಅಡ್ಡಿಯಲ್ಲ.

ಮೇಲಿನ ವಿವೇಚನೆಯಿಂದ ನಾಲ್ಕು ಅಂಶಗಳು ಹೊಮ್ಮುತ್ತವೆ. ಮೊದಲನೆಯದಾಗಿ, ಹೆಸರಿನ ಕಲಮು ಎರಡಾಗಬೇಕು: ವ್ಯಕ್ತಿಯ ಹೆಸರೂ ಊರಿನ ಹೆಸರೂ ಕನ್ನಡ ಮತ್ತು ದೇವನಾಗರಿ ಎರಡರಲ್ಲೂ ದಾಖಲಾಗಿ, ಹೆಸರಿನವರು ಓದಿ ಒಪ್ಪಿದ ರೂಪವೇ ಪ್ರಮಾಣವಾಗಬೇಕು. ಎರಡನೆಯದಾಗಿ, ಪರಿಭಾಷೆ ಗಡಿಯ ಬಳಕೆಯಿಂದ ಆಯ್ದದ್ದಾಗಬೇಕು. ಮಗ್ಗದ ಮಾತಿಗೆ ಇಚಲಕರಂಜಿ, ಹೊಲದ ಮಾತಿಗೆ ಗಡಹಿಂಗ್ಲಜ, ಹಳೆಯ ದಾಖಲೆಯ ಮಾತಿಗೆ ಕೊಲ್ಹಾಪುರದ ವಿದ್ವತ್ತು ಆಕರವಾಗಬಹುದು. ಮೂರನೆಯದಾಗಿ, ಭಾಷೆಯ ಹಕ್ಕು ತಾಲೂಕಿನ ಪ್ರಮಾಣಕ್ಕೆ ಬದಲಾಗಿ ಬಳಕೆದಾರನ ಕೋರಿಕೆಯನ್ನು ಅವಲಂಬಿಸಬೇಕು. ಒಮ್ಮೆ ಹೇಳಿದ ಆಯ್ಕೆ ಎಲ್ಲ ಸಂದೇಶಗಳಿಗೂ ಅನ್ವಯಿಸಬೇಕು. ನಾಲ್ಕನೆಯದಾಗಿ, ವಿವಾದ ಬಂದಾಗ ಯಾವ ಪಾಠ ಊರ್ಜಿತವೆಂಬುದು ಸ್ಪಷ್ಟವಾಗಿರಬೇಕು. ರಾಜ್ಯಭಾಷೆಯ ಪಾಠವೇ ಊರ್ಜಿತವೆಂದು ಒಪ್ಪಿದರೂ ಕನ್ನಡ ಪಾಠದ ಉಪಯುಕ್ತತೆ ಕಡಿಮೆಯಾಗದು. ಏನಕ್ಕೆ ಸಹಿ ಹಾಕುತ್ತಿರುವೆನೆಂದು ರೈತ ಓದಿ ತಿಳಿಯುವುದು ಅದರ ಮುಖ್ಯ ಪ್ರಯೋಜನ.

ಇವಕ್ಕೆ ವೆಚ್ಚವಿಲ್ಲವೆಂದಲ್ಲ. ಎರಡೂ ಲಿಪಿ ಓದಬಲ್ಲ ಸಿಬ್ಬಂದಿ ಬೇಕು, ಹಳೆಯ ದಾಖಲೆಗಳ ಹೆಸರುಗಳನ್ನು ಮನೆಮನೆಗೆ ಹೋಗಿ ಒಪ್ಪಿಸಿಕೊಳ್ಳಬೇಕು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಮರಾಠಿಯನ್ನೂ ಕಲಿತ ಯುವಜನ ಗಡಿಯ ಹಳ್ಳಿಗಳಲ್ಲಿದ್ದಾರೆ. ಇಂದು ಅವರ ಎರಡನೆಯ ಲಿಪಿಗೆ ಉದ್ಯೋಗಮೌಲ್ಯವಿಲ್ಲ. ಹೆಸರಿನ ಎರಡನೆಯ ಕಲಮು ಬಂದರೆ ಅವರಿಗೆ ಕೆಲಸವಿದೆ. ಇದೇ ನೀತಿ ಹುಕ್ಕೇರಿ, ಖಾನಾಪುರಗಳ ಮರಾಠಿಗರಿಗೂ ಅಷ್ಟೇ ಸಲ್ಲಬೇಕು. ಒಂದೇ ಕಡೆಯ ದಾಖಲೆ ದ್ವಿಭಾಷಿಕವಾದರೆ ಹೆಸರು ಮತ್ತೆ ರೋಮನ್ ಲಿಪಿಯನ್ನೇ ಹಾದು ಹೋಗಬೇಕಾಗುತ್ತದೆ.